ಬೀದಿ ತಿಂಡಿಗಿಂತ ಬುಫೆಗೇ ಹೆದರಿ!

ಮೊದಲೇ ಹೇಳಿಬಿಡ್ತೀನಿ, ಇದನ್ನು ಓದಿ ನಮ್ಮ ಕನ್ನಡ ಸಂಘದ ನಾಲ್ಕಾರು ಜನ ನನ್ನ ಮೇಲೆ ಸಿಟ್ಟಾಗುವುದು ಖಂಡಿತ. ಆಗಲಿ. ಬೇಸಿಗೆ ರಜೆ ಹತ್ತಿರ ಬಂತು, ಯಾರ ಮನೆಗೆ ಹೋದರೂ ಟೀಪಾಯಿಯ ಮೇಲೆ ಥಾಯ್ಲೆಂಡ್, ಸಿಂಗಾಪುರ, ವಿಯೆಟ್ನಾಮಿನ ಟೂರ್ ಬ್ರೋಷರುಗಳು. ಜೊತೆಗೆ ಒಮ್ಮೆ ಹೋಗಿ ಬಂದವರ ಉಪದೇಶ: "ಅಲ್ಲಿ ರಸ್ತೆ ಬದಿಯದ್ದು ಮಾತ್ರ ಮುಟ್ಟಬೇಡಿ ಮಾರಾಯ್ರೆ. ದಿನಾ ರಾತ್ರಿ ಇಂಡಿಯನ್ ಡಿನ್ನರ್ ಇದೆಯಲ್ಲ, ಅದೇ ಸೇಫು."

ಈ ಉಪದೇಶ ತಪ್ಪು. ಬರೀ ತಪ್ಪಲ್ಲ, ಪೂರಾ ಉಲ್ಟಾ.

ಉಪದೇಶ ಮಾಡುವವರು ಯಾರು ಅಂತ ಸ್ವಲ್ಪ ನೋಡಿ. ಮೂವತ್ತು ವರ್ಷದಿಂದ ಠಾಣೆ ಸ್ಟೇಷನ್ನಿನ ಹೊರಗೆ ನಿಂತು ವಡಾಪಾವ್ ತಿಂದವರು. ಜುಲೈ ತಿಂಗಳ ಮಳೆಯಲ್ಲಿ ಗಟಾರದ ನೀರು ಚಪ್ಪಲಿ ಮುಳುಗಿಸುವಾಗಲೂ ಕೊಡೆ ಹಿಡಿದುಕೊಂಡು ಪಾನಿಪುರಿಯವನ ಮುಂದೆ ನಿಂತವರು. ಅವನು ಮೊಣಕೈವರೆಗೆ ಮಡಕೆಯೊಳಗೆ ಇಳಿಸಿ ತುಂಬಿಸಿಕೊಟ್ಟ ಪುರಿಯನ್ನು ಬಾಯಿಗೆ ಹಾಕಿಕೊಂಡು "ಔರ್ ಥೋಡಾ ತೀಖಾ" ಅಂದವರು. ಆ ನೀರು ಯಾವ ಒಲೆಯನ್ನೂ ಕಂಡಿರುವುದಿಲ್ಲ. ಇವರಿಗೇ ಬ್ಯಾಂಕಾಕಿನಲ್ಲಿ ಕಣ್ಣೆದುರು ಬಾಣಲೆಯಿಂದ ತಟ್ಟೆಗೆ ಬೀಳುವ, ಹೊಗೆಯಾಡುವ ನೂಡಲ್ಸ್ ಕಂಡರೆ "ಛೀ, ಹೈಜೀನ್ ಇಲ್ಲ!" ಎಲ್ಲಿಂದ ಬಂತು ಸ್ವಾಮಿ ಈ ಹೈಜೀನು?

ನಾನು ಡಾಕ್ಟರಲ್ಲ, ಬರೀ ಬಿ.ಕಾಂ. ಆದರೆ ಇಲ್ಲಿ ಬೇಕಾದಷ್ಟು ವಿಜ್ಞಾನ ಯಾರಿಗೂ ಅರ್ಥವಾಗುತ್ತದೆ. ಹೊಟ್ಟೆ ಕೆಡುವುದರಲ್ಲಿ ದೊಡ್ಡ ಪಾಲು ಎರಡು ವಿಷಯದ್ದು. ಬೇಯಿಸಿದ ಮೇಲೆ ಅಡುಗೆ ಎಷ್ಟು ಹೊತ್ತು ಕೂತಿತ್ತು, ಎಷ್ಟು ಬಿಸಿಯಲ್ಲಿ ಕೂತಿತ್ತು. (ನೀರು ಮತ್ತು ಕೈಯ ವಿಷಯಕ್ಕೆ ಆಮೇಲೆ ಬರ್ತೀನಿ.) ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಆಹಾರ ಸುರಕ್ಷತೆಗೆ ಐದು ಸೂತ್ರ ಅಂತ ಹೊರಡಿಸಿತು. ಅದರ ಲೆಕ್ಕ ಇಷ್ಟೇ: ಒಳಗಿನವರೆಗೆ 70 ಡಿಗ್ರಿ ಮುಟ್ಟುವ ಹಾಗೆ ಬೇಯಿಸಿ. ಬೇಯಿಸಿದ್ದನ್ನು 60 ಡಿಗ್ರಿಗಿಂತ ಬಿಸಿಯಾಗಿಡಿ, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿಡಿ. ನಡುವಿನ ಬೆಚ್ಚಗಿನ ಜಾಗದಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ. ಆ ಐದರಲ್ಲಿ ಎಲ್ಲಿಯೂ 'ರಸ್ತೆ ಬದಿ' ಅನ್ನುವ ಶಬ್ದ ಇಲ್ಲ.

ನಮ್ಮವರಿಗೆ ಅತಿ ಸುರಕ್ಷಿತ ಅನ್ನಿಸುವ ಅನ್ನದ ಕಥೆ ಕೇಳಿ. ಅಕ್ಕಿಯಲ್ಲಿ ಬೇಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇರುತ್ತದೆ. (ಹೆಸರಲ್ಲೇ ಸೀರಿಯಸ್ ಇದೆ, ನಾವು ಮಾತ್ರ ಸೀರಿಯಸ್ಸಾಗಿ ತಗೊಳ್ಳೋದಿಲ್ಲ :) ) ಅದರ ಬೀಜಾಣು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಉಗುರು ಬೆಚ್ಚಗೆ ನಾಲ್ಕೈದು ಗಂಟೆ ಕೂತರೆ ಅದು ಎದ್ದು ಸಂಸಾರ ಹೂಡುತ್ತದೆ, ವಿಷ ಬಿಡುತ್ತದೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಂದರೆ "ಬಿಸಿ ಮಾಡಿ ಕೊಟ್ಟಿದ್ದಾರಲ್ಲ" ಅನ್ನುವ ಸಮಾಧಾನಕ್ಕೆ ಬೆಲೆ ಇಲ್ಲ. ಅಡುಗೆಯವರ ಕೈ, ಮೂಗಿನಿಂದ ಬರುವ ಸ್ಟೆಫೈಲೊಕಾಕಸ್ಸಿನ ವಿಷವೂ ಹಾಗೆಯೇ.

ಈಗ ಆ 'ಸೇಫ್' ಇಂಡಿಯನ್ ಡಿನ್ನರನ್ನು ನೆನಪು ಮಾಡಿಕೊಳ್ಳಿ. ಕೆಳಗೆ ಸಣ್ಣ ದೀಪ ಇಟ್ಟ ಉದ್ದನೆಯ ಸ್ಟೀಲ್ ಪಾತ್ರೆಗಳು. ಮೂರರಲ್ಲಿ ಒಂದರ ದೀಪ ಆರಿರುತ್ತದೆ. ಆರು ಗಂಟೆಗೆ ಗುಜರಾತಿಗಳ ಬಸ್ಸು ಬಂತು, ಏಳೂವರೆಗೆ ಪಂಜಾಬಿಗಳದ್ದು, ಒಂಬತ್ತಕ್ಕೆ ನಮ್ಮದು. ಪನೀರು ಮುಗಿಯಿತು ಅಂದರೆ ಪಾತ್ರೆ ತೊಳೆದು ಹೊಸದು ತರುವುದಿಲ್ಲ, ಹಳೆಯದರ ಮೇಲೇ ಹೊಸದನ್ನು ಸುರಿಯುತ್ತಾರೆ. ಸೌಟು ಇನ್ನೂರು ಕೈ ದಾಟಿರುತ್ತದೆ.

ನನ್ನ ಹಾಗೆ ಕಾಮರ್ಸ್ ಓದಿದವರಿಗೆ ಇದು ಕೂಡಲೇ ಹೊಳೆಯಬೇಕು. ದಾಸ್ತಾನಿನ ಲೆಕ್ಕದಲ್ಲಿ ಎರಡು ಪದ್ಧತಿ ಕಲಿತಿದ್ದೆವಲ್ಲ, ಫಿಫೋ ಮತ್ತು ಲಿಫೋ? ಮೊದಲು ಬಂದದ್ದು ಮೊದಲು ಹೋಗುವುದು ಫಿಫೋ, ಕೊನೆಗೆ ಬಂದದ್ದು ಮೊದಲು ಹೋಗುವುದು ಲಿಫೋ. ಬುಫೆ ಪಾತ್ರೆ ಅಪ್ಪಟ ಲಿಫೋ. ತಳದಲ್ಲಿ ಆರು ಗಂಟೆಯ ಪನೀರು ಹಾಗೇ ಉಳಿದಿರುತ್ತದೆ, ಕೊನೆಯ ಬಸ್ಸಿನವನ ತಟ್ಟೆಗೆ ಅದೇ ಬರುತ್ತದೆ. ಬೀದಿಯ ಗಾಡಿಯಲ್ಲಿ ಫಿಫೋ, ಅದೂ ಕಣ್ಣೆದುರು. ಫ್ರಿಜ್ಜೂ ಇಲ್ಲದ, ಗೋದಾಮೂ ಇಲ್ಲದ ಹೆಂಗಸು ಬೆಳಿಗ್ಗೆ ಮಾರ್ಕೆಟ್ಟಿನಿಂದ ತಂದದ್ದನ್ನು ಮಧ್ಯಾಹ್ನದೊಳಗೆ ಮಾರಿ ಮನೆಗೆ ಹೋಗುತ್ತಾಳೆ. ಸಾಲ ಕೊಡುವಾಗ ನಾವು ಅಂಗಡಿಯ ಸ್ಟಾಕ್ ಟರ್ನೋವರ್ ನೋಡುತ್ತೇವೆ, ಮಾಲು ಎಷ್ಟು ಬೇಗ ಖಾಲಿಯಾಗುತ್ತದೆ ಅಂತ. ಊಟಕ್ಕೆ ನಿಲ್ಲುವಾಗಲೂ ಅದನ್ನೇ ನೋಡಿ. ಊರಿನವರು, ಆಫೀಸಿನವರು, ಸ್ಕೂಲ್ ಮಕ್ಕಳು ಸಾಲು ನಿಂತ ಗಾಡಿಯಲ್ಲಿ ಮಾಲು ಹಳತಾಗಲು ಪುರುಸೊತ್ತೇ ಇರುವುದಿಲ್ಲ.

ಇದು ನನ್ನೊಬ್ಬನ ತರ್ಕ ಅಂದುಕೊಳ್ಳಬೇಡಿ. ಅಮೆರಿಕದ ಸಿಡಿಸಿ ಸಂಸ್ಥೆ ಪ್ರವಾಸಿಗಳ ಆರೋಗ್ಯದ ಬಗ್ಗೆ ಹೊರತರುವ ಕೈಪಿಡಿಯಲ್ಲಿ, ಪ್ರವಾಸಿಗಳ ಬೇಧಿಗೆ ಬಹುಶಃ ಅತಿ ದೊಡ್ಡ ಕಾರಣ ಅಲ್ಲಲ್ಲಿನ ರೆಸ್ಟೊರೆಂಟುಗಳ ಅಡುಗೆಮನೆಯ ಕೊಳಕು ಮತ್ತು ಊರಿನ ನೀರು-ಚರಂಡಿ ವ್ಯವಸ್ಥೆಯ ಕೊರತೆ ಅಂತ ಬರೆದಿದ್ದಾರೆ. ರೆಸ್ಟೊರೆಂಟಿನ ಅಡುಗೆಮನೆ ಗೋಡೆಯ ಆಚೆ, ಗಾಡಿಯವಳ ಅಡುಗೆಮನೆ ಫುಟ್‌ಪಾತಿನಲ್ಲಿ. ಯಾವುದನ್ನು ನೀವು ಇನ್ಸ್‌ಪೆಕ್ಷನ್ ಮಾಡಬಲ್ಲಿರಿ, ನೀವೇ ಹೇಳಿ.

ಇಷ್ಟು ಕೋಪದಿಂದ ಬರೆಯಲು ಒಂದು ಕಾರಣ ಇದೆ. 2024ರ ಫೆಬ್ರವರಿಯಲ್ಲಿ ಬ್ಯಾಂಕಾಕ್-ಪಟ್ಟಾಯ ಟೂರಿಗೆ ನಾವು ಮೂವತ್ತೆರಡು ಜನ ಹೋಗಿದ್ದೆವು. ಮುಂಬಯಿ, ಠಾಣೆಯವರೇ ಹೆಚ್ಚು, ಪುಣೆಯಿಂದ ಒಂದು ಹಿರಿಯ ಜೋಡಿ. ಆಕೆ ರಿಟೈರ್ಡ್ ಟೀಚರ್, ಊರು ಹೊನ್ನಾವರದ ಕಡೆ. ಮೂರನೇ ದಿನ ಬೆಳಿಗ್ಗೆ ಹೋಟೆಲಿನ ಪಕ್ಕದ ಸಂತೆಯಲ್ಲಿ ಒಬ್ಬ ಅಜ್ಜಿ ಗುಳಿ ಗುಳಿಯ ಕಾವಲಿ ಇಟ್ಟುಕೊಂಡು ಏನೋ ಹುಯ್ಯುತ್ತಿದ್ದಳು. ಟೀಚರಮ್ಮ ಕುಣಿದೇಬಿಟ್ಟರು, "ಅಯ್ಯೋ, ಇದು ನಮ್ಮ ಗುಳಿಯಪ್ಪ ಅಲ್ವೇನ್ರೀ!" ನಿಜ. ಅಕ್ಕಿ ಹಿಟ್ಟು, ತೆಂಗಿನ ಹಾಲು, ಕಾವಲಿ ಕೂಡ ನಮ್ಮ ಪಡ್ಡಿನ ಕಾವಲಿಯೇ. ಥಾಯ್ ಭಾಷೆಯಲ್ಲಿ ಖನೋಮ್ ಕ್ರೋಕ್. ಗಂಡ ಹೆಂಡತಿ ಒಂದು ಪೊಟ್ಟಣ ಕಟ್ಟಿಸಿಕೊಂಡು ಬಸ್ಸಿನಲ್ಲಿ ತಿಂದರು. ಬಾಯಿ ಸುಡುವಷ್ಟು ಬಿಸಿ ಇತ್ತು, ನಾನೂ ನನ್ನಾಕೆಯೂ ಎರಡೆರಡು ತಿಂದೆವು.

ಆ ದಿನ ಕೋರಲ್ ಐಲ್ಯಾಂಡ್. ಟೂರಿನವರು ಬೆಳಿಗ್ಗೆ ಏಳಕ್ಕೇ ವೆಜ್ ಪುಲಾವಿನ ಪ್ಲಾಸ್ಟಿಕ್ ಡಬ್ಬಿಗಳನ್ನು ಬಸ್ಸಿಗೆ ಏರಿಸಿದ್ದರು. ಬಸ್ಸು, ಬೋಟು, ದಡದ ಬಿಸಿಲು ಎಲ್ಲ ದಾಟಿ ಮಧ್ಯಾಹ್ನ ಎರಡಕ್ಕೆ ಅವು ಬಿಚ್ಚಿದವು. ಸಂಜೆ ಆರರೊಳಗೆ ಒಂಬತ್ತು ಜನ ವಾಂತಿ ಶುರು ಹಚ್ಚಿದರು. ರಾತ್ರಿ ಟೂರ್ ಮ್ಯಾನೇಜರ್ ಬಸ್ಸಿನೊಳಗೆ ಮೈಕ್ ಹಿಡಿದು ಏನು ಹೇಳಿದ ಗೊತ್ತೇ? "ಅದಕ್ಕೇ ರೋಡ್ ಸೈಡ್ ತಿನ್ನಬೇಡಿ ಅಂದಿದ್ದೆವು. ಕೆಲವು ಹಿರಿಯರಿಗೆ ಈ ವಯಸ್ಸಲ್ಲೂ ನಾಲಿಗೆ ಚಪಲ." ಬಸ್ಸಿಗೆ ಬಸ್ಸೇ ತಿರುಗಿ ಟೀಚರಮ್ಮನನ್ನು ನೋಡಿತು. ಗುಳಿಯಪ್ಪ ತಿಂದ ನಾಲ್ವರೂ ಗಟ್ಟಿಯಾಗಿ ಕೂತಿದ್ದೆವು. ಮಲಗಿದ ಒಂಬತ್ತು ಜನರಲ್ಲಿ ಒಬ್ಬರೂ ಅದನ್ನು ಮುಟ್ಟಿರಲಿಲ್ಲ, ಪುಲಾವ್ ಮಾತ್ರ ಒಂಬತ್ತೂ ಜನ ತಿಂದಿದ್ದರು. ನಾನು ಎದ್ದು "ಡಬ್ಬಿ ಎಷ್ಟು ಗಂಟೆಗೆ ತುಂಬಿದ್ದು?" ಅಂತ ಕೇಳಿದೆ. "ಸರ್, ಅದು ನಮ್ಮ ಇಂಡಿಯನ್ ಕಿಚನ್ನಿಂದ ಬಂದದ್ದು" ಅಂದ. ಪ್ರಶ್ನೆ ಗಂಟೆಯದ್ದು, ಉತ್ತರ ದೇಶದ್ದು! ಲ್ಯಾಬ್ ರಿಪೋರ್ಟ್ ನನ್ನ ಹತ್ತಿರ ಇಲ್ಲ, ನಿಜ. ಆದರೆ ಇಂಥ ವೌಚರು ನೋಡಿ ಸಹಿ ಹಾಕುವ ಆಡಿಟರ್ ಯಾರೂ ಇಲ್ಲ. ಟೀಚರಮ್ಮ ಮಾತ್ರ ಆಮೇಲಿನ ಎರಡು ದಿನ ಎಲ್ಲಿಯೂ ಬಸ್ಸಿನಿಂದ ಇಳಿದು ಏನನ್ನೂ ತಿನ್ನಲಿಲ್ಲ. ನನ್ನ ಸಿಟ್ಟು ಅದಕ್ಕೆ.

ನನಗೆ ಅನ್ನಿಸುವುದು ಹೀಗೆ. ನಮ್ಮ ಅಜ್ಜಿಯ ಕಾಲದ ಮಡಿಯಲ್ಲಿ ಎರಡು ಲೆಕ್ಕ ಬೆರೆತಿದ್ದವು. ಒಂದು, ತಂಗಳು-ಮುಸುರೆಯ ಲೆಕ್ಕ. ಬೇಯಿಸಿದ ಅನ್ನ ಬೇರೆ, ಬೇಯಿಸದ್ದು ಬೇರೆ, ಅನ್ನ ಮುಟ್ಟಿದ ಕೈ ತೊಳೆದೇ ಮುಂದಿನ ಕೆಲಸ, ಹೊತ್ತು ಮೀರಿದ್ದು ಎತ್ತಿ ದನಕ್ಕೆ. ಇನ್ನೊಂದು, ಮಾಡಿದ ಕೈ ಯಾರದ್ದು ಅನ್ನುವ ಲೆಕ್ಕ. ಪಟ್ಟಣಕ್ಕೆ ಬಂದ ಮೇಲೆ ಮೊದಲನೆಯದನ್ನು ಫ್ರಿಜ್ಜಿನೊಳಗೆ ತಳ್ಳಿ ಮರೆತೆವು. ಎರಡನೆಯದನ್ನು ಪಾಸ್‌ಪೋರ್ಟಿನ ಜೊತೆ ಬ್ಯಾಗಿಗೆ ಹಾಕಿಕೊಂಡು ಹೊರಟಿದ್ದೇವೆ. ಏಳು ಗಂಟೆ ಹಳೆಯ ಪುಲಾವು 'ನಮ್ಮವರದ್ದು' ಆದ್ದರಿಂದ ಶುದ್ಧ, ಆಗತಾನೆ ಕಾವಲಿಯಿಂದ ಎದ್ದ ಗುಳಿಯಪ್ಪ ಯಾರೋ ಚಪ್ಪಟೆ ಮೂಗಿನವಳದ್ದಾದ್ದರಿಂದ ಅಶುದ್ಧ. ಬಸ್ಸಿನಲ್ಲಿ ನಿಜವಾಗಿಯೂ ಇಂಥ ಮಾತು ಕೇಳಿದ್ದೇನೆ, ಇದಕ್ಕಿಂತ ಕೆಟ್ಟದ್ದನ್ನೂ. ಇದನ್ನು ಹೈಜೀನ್ ಅನ್ನಬೇಡಿ ದಯವಿಟ್ಟು.

ಇನ್ನೊಂದು ಕಡೆಯವರಿಗೂ ಎರಡು ಮಾತು. ಯೂಟ್ಯೂಬ್ ನೋಡಿ ತಲೆ ಕೆಟ್ಟು "ಲೋಕಲ್ ಏನು ಸಿಕ್ಕರೂ ಹೊಡೀಬೇಕು, ನಮ್ಮದು ಇಂಡಿಯನ್ ಹೊಟ್ಟೆ, ಏನೂ ಆಗಲ್ಲ" ಅನ್ನುವ ಹುಡುಗರಿದ್ದಾರಲ್ಲ, ಅವರಿಗೆ. ನಿಮ್ಮ ಹೊಟ್ಟೆ ಇಪ್ಪತ್ತು ವರ್ಷದಿಂದ ಆರ್‌ಓ ನೀರು ಕುಡಿಯುತ್ತಿದೆ ಕಣ್ರಪ್ಪ. ಬೀದಿಯಲ್ಲಿ ತಿನ್ನಬಾರದ್ದು ಬೇಕಾದಷ್ಟಿದೆ. ಈಶಾನ್ಯ ಥಾಯ್ಲೆಂಡಿನಲ್ಲಿ ಸಿಹಿನೀರಿನ ಮೀನನ್ನು ಹಸಿಯಾಗಿಯೇ ಕೊಚ್ಚಿ ತಿನ್ನುವ 'ಕೊಯ್ ಪ್ಲಾ' ಅಂತ ಇದೆ. ಅದರಿಂದ ಯಕೃತ್ತಿಗೆ ಹುಳ ಸೇರಿ, ವರ್ಷಗಳ ಮೇಲೆ ಪಿತ್ತನಾಳದ ಕ್ಯಾನ್ಸರ್ ಆಗುತ್ತದೆ. ಥಾಯ್ ಸರ್ಕಾರವೇ ತಿನ್ನಬೇಡಿ ಅಂತ ಬಹಳ ಕಾಲದಿಂದ ಬಡಕೊಳ್ಳುತ್ತಿದೆ. ಒರಳಲ್ಲಿ ಕುಟ್ಟಿ ಕೊಡುವ ಪಪ್ಪಾಯಿ ಸಲಾಡ್ 'ಸೋಮ್ ತಮ್'ಗೂ ಬೆಂಕಿ ತಾಗುವುದಿಲ್ಲ, ಅದರಲ್ಲಿ ಹಸಿ ಉಪ್ಪೇಡಿಯೂ ಸೇರಿರಬಹುದು. ನೂಡಲ್ಸ್ ಪಕ್ಕದಲ್ಲಿ ಕೊಡುವ ಹಸಿ ಮೊಳಕೆಕಾಳು, ಮೇಜಿನ ಮೇಲೆ ಮುಚ್ಚಳವಿಲ್ಲದೆ ಕೂತ ಸಾಸು, ಯಾವಾಗಲೋ ಹೆಚ್ಚಿಟ್ಟ ಹಣ್ಣು, ಇವನ್ನೂ ಬಿಡಿ. ಹಣ್ಣು ಬೇಕಿದ್ದರೆ ಇಡಿಯದ್ದು ಕೊಂಡು ನೀವೇ ಸುಲಿಯಿರಿ.

ಈಗ ನೀರು. ಐಸ್ ಆದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಥಾಯ್ಲೆಂಡಿನಲ್ಲಿ ನಡುವೆ ತೂತಿರುವ ಕೊಳವೆಯಾಕಾರದ ಐಸ್ ಫ್ಯಾಕ್ಟರಿಯಿಂದ ಬಂದದ್ದು, ಅದು ಪರವಾಗಿಲ್ಲ. ಗಡ್ಡೆಯಿಂದ ಒಡೆದ ಚೂರು ಬೇಡ. ಇನ್ನು ಕೈ. ಗ್ಲೌಸ್ ಹಾಕಿದ್ದಾರೆ ಅಂತ ನಂಬಬೇಡಿ, ಅದೇ ಗ್ಲೌಸಿನಲ್ಲಿ ನೋಟು ಮುಟ್ಟಿದರೆ ಗ್ಲೌಸ್ ಇಲ್ಲದಿರುವುದೇ ವಾಸಿ. ನೋಟಿನ ಕೊಳಕು ಏನಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಂಟು ವರ್ಷ ಕ್ಯಾಷ್ ಕೌಂಟರಿನಲ್ಲಿ ಕೂತವನು ನಾನು. ಎಂಜಲು ಹಚ್ಚಿ ಎಣಿಸಿದ ನೋಟು, ಮೀನು ಮಾರ್ಕೆಟ್ಟಿನ ಒದ್ದೆ ನೋಟು, ಎಲ್ಲಾ ನೋಡಿ, ಮುಟ್ಟಿ, ಮೂಸಿದ್ದೇನೆ. ದುಡ್ಡು ತಗೊಳ್ಳುವವರು ಒಬ್ಬರು, ಬೇಯಿಸುವವರು ಇನ್ನೊಬ್ಬರು ಇರುವ ಗಾಡಿ ಆರಿಸಿ. ಈಗ ಬ್ಯಾಂಕಾಕಿನ ಬಹಳ ಗಾಡಿಗಳಲ್ಲಿ ಕ್ಯೂಆರ್ ಕೋಡ್ ನೇತಾಡುತ್ತದೆ, ಊರಿನವರು ನೋಟು ತೆಗೆಯುವುದೇ ಕಡಿಮೆ. ಬ್ಯಾಂಕಿನವನಾಗಿ ನನಗೆ ಅದೊಂದು ಖುಷಿ.

ನೀರು ಸರಿಯಿದ್ದರೆ ಬೀದಿಯವರೂ ಸರಿಯಿರುತ್ತಾರೆ ಅನ್ನುವುದಕ್ಕೆ ಸಿಂಗಾಪುರ ನೋಡಿ. ಅಲ್ಲಿಯೂ ಒಂದು ಕಾಲಕ್ಕೆ ಗಾಡಿಗಳು ರಸ್ತೆಯಲ್ಲೇ ಇದ್ದವು, ಒಂದೇ ಬಕೆಟ್ಟಿನಲ್ಲಿ ದಿನವಿಡೀ ತಟ್ಟೆ ಅದ್ದುತ್ತಿದ್ದರು. 1971ರಿಂದ 1986ರ ನಡುವೆ ಸರ್ಕಾರ ಅವರನ್ನೆಲ್ಲ ನಲ್ಲಿ, ಚರಂಡಿ ಇರುವ ಹಾಕರ್ ಸೆಂಟರುಗಳಿಗೆ ಸೇರಿಸಿತು. 1997ರಿಂದ ಅಂಗಡಿಗಳಿಗೆ ಎ, ಬಿ, ಸಿ, ಡಿ ಅಂತ ಗ್ರೇಡ್ ಹಚ್ಚಿತು. ಜನ ಅವರೇ, ಕೈ ಅವೇ, ಅಡುಗೆಯೂ ಅದೇ. 2020ರ ಡಿಸೆಂಬರಿನಲ್ಲಿ ಆ ಹಾಕರ್ ಸಂಸ್ಕೃತಿಯೇ ಯುನೆಸ್ಕೋ ಪಟ್ಟಿ ಸೇರಿತು. ಬ್ಯಾಂಕಾಕಿನ ರೀತಿ ಬೇರೆ. 2017ರ ಏಪ್ರಿಲಿನಲ್ಲಿ ಅಲ್ಲಿಯ ನಗರಾಡಳಿತ ಫುಟ್‌ಪಾತ್ ಗಾಡಿಗಳನ್ನು ಎತ್ತಿಸುವ ಮಾತಾಡಿತು, ಬೊಬ್ಬೆ ಎದ್ದ ಮೇಲೆ ಯಾವರಾತ್ ಮತ್ತು ಖಾವೊಸಾನ್ ರಸ್ತೆಗಳಿಗೆ ವಿನಾಯ್ತಿ ಅಂದಿತು. ಅದೇ ಡಿಸೆಂಬರಿನಲ್ಲಿ ಬಂದ ಮಿಶೆಲಿನ್ ಗೈಡಿನ ಮೊದಲ ಬ್ಯಾಂಕಾಕ್ ಆವೃತ್ತಿ, ಗಾಗಲ್ಸ್ ತೊಟ್ಟು ಇದ್ದಿಲ ಒಲೆಯ ಮುಂದೆ ನಿಂತು ಏಡಿ ಆಮ್ಲೆಟ್ ಹುರಿಯುವ ಜೇ ಫೈ ಅಜ್ಜಿಯ ಅಂಗಡಿಗೆ ಒಂದು ನಕ್ಷತ್ರ ಕೊಟ್ಟಿತು. ನಮ್ಮ ಟೂರ್ ಮ್ಯಾನೇಜರಿಗೆ ಅದೂ ರೋಡ್ ಸೈಡೇ.

"ಅದೆಲ್ಲ ಸರಿ, ನಾವು ವೆಜಿಟೇರಿಯನ್ ಏನು ಮಾಡೋಣ?" ಅನ್ನುತ್ತೀರಿ. ನ್ಯಾಯವಾದ ಪ್ರಶ್ನೆ, ಏಕೆಂದರೆ ಅಲ್ಲಿ ತರಕಾರಿ ನೂಡಲ್ಸಿಗೂ ಮೀನಿನ ಸಾಸ್ ಬೀಳುತ್ತದೆ, ಬಾಣಲೆಯೂ ಒಂದೇ. ಆದರೆ ಇದಕ್ಕೆ ಉತ್ತರ ಆ ಊರಲ್ಲೇ ಇದೆ. ಥಾಯ್ ಭಾಷೆಯಲ್ಲಿ ಸಸ್ಯಾಹಾರಕ್ಕೆ 'ಮಂಗ್ಸವಿರತ್' ಅನ್ನುತ್ತಾರೆ. ಕಿವಿಗೊಟ್ಟು ಕೇಳಿ, ಅದು ಸಂಸ್ಕೃತದ 'ಮಾಂಸವಿರತಿ'ಯೇ! ಅದಕ್ಕಿಂತ ಕಟ್ಟುನಿಟ್ಟಾದದ್ದು 'ಜೇ'. ಮೀನು ಮೊಟ್ಟೆ ಹಾಲು ಇರಲಿ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ನಮ್ಮ ಮಠದ ಊಟಕ್ಕಿಂತ ಬಿಗಿ. ಹಳದಿ ಬಾವುಟದ ಮೇಲೆ ಕೆಂಪಕ್ಷರ, ನೋಡಲು 17 ಅಂತ ಬರೆದ ಹಾಗೆ ಕಾಣುತ್ತದೆ. ಅಂಥ ಬಾವುಟ ಕಂಡಲ್ಲಿ ಕಣ್ಣು ಮುಚ್ಚಿ ನಿಲ್ಲಿ. ಸೆಪ್ಟೆಂಬರ್-ಅಕ್ಟೋಬರಿನ ಹೊತ್ತಿಗೆ ಒಂಬತ್ತು ದಿನದ ಜೇ ಹಬ್ಬ ಬರುತ್ತದೆ, ಸುಮಾರಾಗಿ ನಮ್ಮ ನವರಾತ್ರಿಯ ಆಸುಪಾಸು. ಆಗ ಬ್ಯಾಂಕಾಕಿನ ಯಾವರಾತ್ ಮತ್ತು ಫುಕೆಟ್ ಊರಿನ ಬೀದಿಗಳೆಲ್ಲ ಹಳದಿಯೇ ಹಳದಿ. ವಿಯೆಟ್ನಾಮಿನಲ್ಲಿ ಕೇಳಬೇಕಾದ ಶಬ್ದ 'ಚಾಯ್'. ಟೀ ಅಲ್ಲ ಮತ್ತೆ! ಹಬ್ಬವಿಲ್ಲದ ದಿನಗಳಿಗೆ ಬೇಯಿಸಿದ ಜೋಳ, ಸುಟ್ಟ ಬಾಳೆಹಣ್ಣು, ಗೆಣಸು, ಮತ್ತೆ ನಮ್ಮ ಗುಳಿಯಪ್ಪ. ಇಷ್ಟು ಸಿಗುವ ಊರಿಗೆ ಹತ್ತು ಪ್ಯಾಕೆಟ್ ಥೇಪ್ಲಾ, ಅವಲಕ್ಕಿ ಹೊತ್ತುಕೊಂಡು ಹೋಗಿ ಹೋಟೆಲ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ತಿನ್ನುವುದೇ?

ಇಷ್ಟೆಲ್ಲ ನೋಡಿಯೂ ಒಮ್ಮೊಮ್ಮೆ ಹೊಟ್ಟೆ ಕೆಡಬಹುದು. ನಮ್ಮವರ ಬ್ಯಾಗಿನಲ್ಲಿ ನಾರ್‌ಫ್ಲಾಕ್ಸಾಸಿನ್-ಟಿನಿಡಜೋಲ್ ಪಟ್ಟಿ ಇದ್ದೇ ಇರುತ್ತದೆ, ಒಂದು ಸಲ ಬೇಧಿಯಾದರೆ ಸಾಕು, ನುಂಗಿಯೇ ಬಿಟ್ಟರು. ಆ ಜಾತಿಯ ಆಂಟಿಬಯೋಟಿಕ್ಕಿಗೆ ಥಾಯ್ಲೆಂಡಿನ ಎಷ್ಟೋ ರೋಗಾಣು ಬಗ್ಗುವುದೇ ಇಲ್ಲ. ಮೊದಲು ಬೇಕಾದ್ದು ಓಆರ್‌ಎಸ್. 1971ರ ಬಾಂಗ್ಲಾ ನಿರಾಶ್ರಿತರ ಕಾಲರಾ ಶಿಬಿರದಲ್ಲಿ, ಬಂಗಾಳದ ಬನಗಾಂವಿನಲ್ಲಿ, ಡಾ. ದಿಲೀಪ್ ಮಹಲನಬೀಸ್ ಇದೇ ಸಕ್ಕರೆ-ಉಪ್ಪಿನ ನೀರು ಕುಡಿಸಿ ಶೇ. 30ರ ಹತ್ತಿರವಿದ್ದ ಸಾವನ್ನು ಶೇ. 4ಕ್ಕಿಂತ ಕೆಳಗಿಳಿಸಿದರು. ಆದರೆ ಕೊಳ್ಳುವಾಗ ಪ್ಯಾಕೆಟ್ಟಿನ ಮೇಲೆ ಡಬ್ಲ್ಯುಎಚ್‌ಓ ಫಾರ್ಮುಲಾ ಅಂತ ಇದೆಯೇ ನೋಡಿ. ಟೆಟ್ರಾಪ್ಯಾಕಿನ ಸಿಹಿ ನೀರಿಗೂ ಓಆರ್‌ಎಸ್ ಅಂತ ಹೆಸರಿಟ್ಟು ಮಾರುತ್ತಿದ್ದರು, 2025ರ ಅಕ್ಟೋಬರಿನಲ್ಲಷ್ಟೇ ಎಫ್‌ಎಸ್‌ಎಸ್‌ಎಐ ಅದನ್ನು ನಿಲ್ಲಿಸಲು ಹೇಳಿತು. ಬೇಧಿಯಲ್ಲಿ ರಕ್ತ ಕಂಡರೆ ಅಥವಾ ಜ್ವರ ಬಂದರೆ ಬೇಧಿ ಕಟ್ಟುವ ಮಾತ್ರೆ ನುಂಗದೆ ಡಾಕ್ಟರ ಹತ್ತಿರ ಹೋಗಿ.

ಇನ್ನು ದುಡ್ಡಿನ ವಿಷಯ. ಇಂಡಿಯನ್ ಡಿನ್ನರ್ ನಿಮ್ಮ ಆರೋಗ್ಯಕ್ಕೆ ಇಟ್ಟದ್ದಲ್ಲ. ಮೂವತ್ತು ತಲೆಯನ್ನು ಒಂದೇ ಕಡೆ, ಒಂದೇ ಗಂಟೆಯಲ್ಲಿ, ಮೊದಲೇ ಗೊತ್ತಿರುವ ದರಕ್ಕೆ ಮುಗಿಸಲು ಇಟ್ಟದ್ದು. ವ್ಯಾಪಾರ, ತಪ್ಪೇನಿಲ್ಲ. ಆದರೆ ವ್ಯಾಪಾರವನ್ನು ಹೈಜೀನ್ ಅಂತ ಮಾರಬಾರದು, ಬೇಡ ಅಂದವರಿಗೆ ಬಿಡುವ ಅವಕಾಶವೂ ಇರಬೇಕು. ಆದ್ದರಿಂದ ಈ ಸಲ ಬುಕ್ ಮಾಡುವ ಮೊದಲು ಈ ಮೂರು ಪ್ರಶ್ನೆಗೆ ಇ-ಮೇಲಿನಲ್ಲಿ ಉತ್ತರ ಕೇಳಿ. ಪ್ಯಾಕ್ಡ್ ಲಂಚ್ ಎಷ್ಟು ಗಂಟೆಗೆ ತುಂಬುತ್ತೀರಿ, ಎಷ್ಟು ಗಂಟೆಗೆ ಕೊಡುತ್ತೀರಿ? ನಡುವೆ ಅದನ್ನು ಯಾವುದರಲ್ಲಿ ಇಟ್ಟಿರುತ್ತೀರಿ? ಐದು ಡಿನ್ನರ್ ಬೇಡ ಅಂದರೆ ಎಷ್ಟು ಕಳೆಯುತ್ತೀರಿ?

ಹೋದ ವಾರ ನಾನೇ ಒಂದು ಟೂರ್ ಆಫೀಸಿಗೆ ಹೋಗಿ ಈ ಮೂರನ್ನೂ ಕೇಳಿದೆ. ಮೂರನೆಯದಕ್ಕೆ ಕೂಡಲೇ ಉತ್ತರ ಬಂತು, "ಏನೂ ಕಳೆಯಲ್ಲ ಸರ್, ಡಿನ್ನರ್ ಕಂಪಲ್ಸರಿ." ಮೊದಲ ಎರಡಕ್ಕೆ ಆ ಹುಡುಗಿ ಒಳಗೆ ಹೋಗಿ ಮ್ಯಾನೇಜರನ್ನು ಕರೆದುಕೊಂಡು ಬಂದಳು. ಅವನು ಕುರ್ಚಿ ಎಳೆದು ಕೂತು, ಅಂಥದ್ದನ್ನು ಇದುವರೆಗೆ ಒಬ್ಬ ಗಿರಾಕಿಯೂ ಕೇಳಿಲ್ಲ ಅಂದ.